ಸೋರಿದ ಪಾಸ್‌ವರ್ಡ್: ಮೊದಲು ಬದಲಿಸಬೇಕಾದ ಬೀಗ ಯಾವುದು?

2020ರ ಅಕ್ಟೋಬರ್ ಕೊನೆಯಲ್ಲಿ ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಕಣ್ಣಿಗೆ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿಟ್ಟ ಒಂದು ಕಡತ ಬಿತ್ತು. ಗಾತ್ರ ಸುಮಾರು 15 ಜಿಬಿ. ಬೆಲೆ 40 ಸಾವಿರ ಡಾಲರಿಗೂ ಹೆಚ್ಚು, ಆಗಿನ ಲೆಕ್ಕದಲ್ಲಿ ಹತ್ತಿರಹತ್ತಿರ 30 ಲಕ್ಷ ರೂಪಾಯಿ. ಅದರಲ್ಲಿದ್ದದ್ದು ಬೆಂಗಳೂರಿನ ಬಿಗ್‌ಬಾಸ್ಕೆಟ್‌ನಿಂದ ದಿನಸಿ, ತರಕಾರಿ ತರಿಸಿಕೊಳ್ಳುತ್ತಿದ್ದ ಸುಮಾರು ಎರಡು ಕೋಟಿ ಜನರ ವಿವರ: ಹೆಸರು, ಇಮೇಲ್, ಮೊಬೈಲ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ, ಜತೆಗೆ ಹ್ಯಾಶ್ ರೂಪದ ಪಾಸ್‌ವರ್ಡ್. ಕೊರೊನಾ ಕಾಲದಲ್ಲಿ ಮನೆಯಿಂದ ಹೊರಬೀಳಲು ಹೆದರಿದ ಎಷ್ಟೋ ಜನ ಮೊದಲ ಬಾರಿಗೆ ಮೊಬೈಲಿನಲ್ಲಿ ಅಕ್ಕಿ ಬೇಳೆ ಕೊಳ್ಳಲು ಕಲಿತ ವರ್ಷ ಅದು. ನವೆಂಬರ್ ಮೊದಲ ವಾರದಲ್ಲಿ ಕಂಪನಿ ಬೆಂಗಳೂರಿನ ಸೈಬರ್ ಕ್ರೈಂ ಪೊಲೀಸರಿಗೆ ದೂರು ಕೊಟ್ಟಿತು. ಕ್ರೆಡಿಟ್ ಕಾರ್ಡ್ ನಂಬರಿನಂಥ ಹಣಕಾಸಿನ ಮಾಹಿತಿಯನ್ನು ತಾನು ಇಟ್ಟುಕೊಳ್ಳುವುದೇ ಇಲ್ಲ, ಆದ್ದರಿಂದ ಅದು ಸುರಕ್ಷಿತವಾಗಿದೆ ಎಂದು ಗ್ರಾಹಕರಿಗೆ ಧೈರ್ಯ ಹೇಳಿತು. ಮರುವರ್ಷದ ಏಪ್ರಿಲ್‌ನಲ್ಲಿ ಶೈನಿಹಂಟರ್ಸ್ ಹೆಸರಿನ ಹ್ಯಾಕರ್‌ಗಳು ಅದೇ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪುಕ್ಕಟೆಯಾಗಿ ಹರಿಯಬಿಟ್ಟರು.

ಕಾರ್ಡ್ ಮಾಹಿತಿ ಸುರಕ್ಷಿತ ಎಂಬ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಗ್ರಾಹಕ ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರವಲ್ಲ. ಆನ್‌ಲೈನ್ ಅಂಗಡಿಯೊಂದರಿಂದ ಪಾಸ್‌ವರ್ಡ್ ಕಳುವಾದಾಗ ಅಪಾಯ ಹೆಚ್ಚಾಗಿ ಆ ಅಂಗಡಿಯಲ್ಲಿ ಇರುವುದಿಲ್ಲ. ಕಳ್ಳನಿಗೆ ನಿಮ್ಮ ಟೊಮೆಟೊ ಪಟ್ಟಿ ಬೇಡ. ಅವನಿಗೆ ಬೇಕಾದದ್ದು ಒಂದು ಇಮೇಲ್ ಮತ್ತು ಅದರ ಮಾಲೀಕ ಬಳಸುವ ಒಂದು ಪಾಸ್‌ವರ್ಡ್, ಈ ಜೋಡಿ. ಒಂದೇ ಕೀಲಿಕೈಯಿಂದ ಮನೆ, ಅಂಗಡಿ, ಬೀರು ಮೂರನ್ನೂ ತೆಗೆಯುವ ಅಭ್ಯಾಸ ನಮ್ಮದಾಗಿದ್ದರೆ, ಕೀಲಿಕೈ ಎಲ್ಲಿ ಕಳೆದುಹೋಯಿತು ಎನ್ನುವುದು ಮುಖ್ಯವಾಗುವುದಿಲ್ಲ, ಅದು ಇನ್ನೂ ಎಲ್ಲೆಲ್ಲಿ ತಿರುಗುತ್ತದೆ ಎನ್ನುವುದು ಮುಖ್ಯವಾಗುತ್ತದೆ. ಹಾಗಾಗಿ ಸೋರಿಕೆಯ ಸುದ್ದಿ ಬಂದ ಕೂಡಲೇ ಆ ಅಂಗಡಿಯ ಪಾಸ್‌ವರ್ಡ್ ಬದಲಿಸಿ ನಿರಾಳವಾಗುವುದು ಕೆಲಸದ ಅತಿ ಸಣ್ಣ ಭಾಗ. ಹಲವರು ಅದನ್ನೇ ಪೂರ್ತಿ ಕೆಲಸ ಎಂದುಕೊಳ್ಳುತ್ತಾರೆ. ನಷ್ಟ ಆಗುವುದು ಆ ತಪ್ಪು ತಿಳಿವಳಿಕೆಯಿಂದ.

ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. 2016ರ ಫೆಬ್ರುವರಿಯಲ್ಲಿ ಚೀನಾದಿಂದ ಬಂದ ವರದಿಯನ್ನು ನೋಡಿ. ಅಲ್ಲಿನ ಕಳ್ಳರ ಕೈಗೆ ಬೇರೆ ಬೇರೆ ಜಾಲತಾಣಗಳಿಂದ ಸೋರಿದ 9.9 ಕೋಟಿ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ಗಳು ಸಿಕ್ಕಿದ್ದವು. ಅವುಗಳಲ್ಲಿ ಒಂದೂ ಅಲಿಬಾಬಾದ ಟಾವೊಬಾವೊ ಅಂಗಡಿಯಿಂದ ಕದ್ದದ್ದಲ್ಲ. ಅವರು ಮಾಡಿದ್ದು ಇಷ್ಟೇ: ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು, ಒಂದೊಂದನ್ನಾಗಿ ಟಾವೊಬಾವೊ ಬಾಗಿಲಿಗೆ ಹಾಕಿ ನೋಡಿದರು. 2 ಕೋಟಿಗೂ ಹೆಚ್ಚು ಯೂಸರ್‌ನೇಮ್‌ಗಳು ಅಲ್ಲಿಯೂ ಚಾಲ್ತಿಯಲ್ಲಿದ್ದವು. ಪ್ರಯತ್ನಗಳಲ್ಲಿ ಬಹುಪಾಲನ್ನು ಕಂಪನಿ ತಡೆಯಿತು. ತಡೆಯಲಾಗದ ಖಾತೆಗಳಿಂದ ಸುಳ್ಳು ಆರ್ಡರ್‌ಗಳು ಹೋದವು, ಮಾರಾಟಗಾರರ ಶ್ರೇಯಾಂಕ ಏರಿಸಲು. ಟಾವೊಬಾವೊದ ಗೋಡೆಗೆ ಯಾರೂ ಕನ್ನ ಹಾಕಿರಲಿಲ್ಲ. ಗ್ರಾಹಕರೇ ಬೇರೆಡೆ ಬಳಸಿದ್ದ ಕೀಲಿಕೈಯಿಂದ ಅದರ ಬಾಗಿಲು ತೆರೆಯಿತು. 2023ರಲ್ಲಿ ಅಮೆರಿಕದ ವಂಶವಾಹಿ ಪರೀಕ್ಷೆಯ ಕಂಪನಿ 23ಆಂಡ್‌ಮಿಯಲ್ಲಿ ನಡೆದದ್ದು ಇದಕ್ಕಿಂತ ಘೋರ. ಹೀಗೆಯೇ ಬೇರೆಡೆಯ ಪಾಸ್‌ವರ್ಡ್ ಹಾಕಿ ತೆರೆದ ಖಾತೆಗಳು ಸುಮಾರು 14 ಸಾವಿರ. ಆದರೆ ಆ ತಾಣದಲ್ಲಿ ಬಂಧುಗಳನ್ನು ಹುಡುಕುವ ಸೌಲಭ್ಯವಿತ್ತು. ಅದರ ಮೂಲಕ 69 ಲಕ್ಷ ಜನರ ಮಾಹಿತಿ ಹೊರಗೆ ಹೋಯಿತು. ಪಾಸ್‌ವರ್ಡ್ ಮರುಬಳಸಿದವನು ಒಬ್ಬ, ಬೆಲೆ ತೆತ್ತವರು ಅವನ ನೂರಾರು ನೆಂಟರು.

ಹಳೆಯದು, ಈಗ ಯಾರಿಗೆ ಬೇಕು ಎನ್ನುವ ಸಮಾಧಾನವೂ ನಿಲ್ಲುವುದಿಲ್ಲ. 2012ರಲ್ಲಿ ಲಿಂಕ್ಡ್‌ಇನ್‌ನಿಂದ 65 ಲಕ್ಷ ಪಾಸ್‌ವರ್ಡ್ ಹ್ಯಾಶ್‌ಗಳು ಹೋದವೆಂದು ಎಲ್ಲರೂ ಅಂದುಕೊಂಡಿದ್ದರು. ನಾಲ್ಕು ವರ್ಷದ ನಂತರ, 2016ರಲ್ಲಿ, ಅದೇ ಕಳ್ಳತನದ 11.7 ಕೋಟಿ ಇಮೇಲ್ ಮತ್ತು ಪಾಸ್‌ವರ್ಡ್‌ಗಳು ಮಾರುಕಟ್ಟೆಗೆ ಬಂದವು. ಕೆಲವೇ ವಾರಗಳಲ್ಲಿ ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಅವರ ಟ್ವಿಟರ್ ಮತ್ತು ಪಿಂಟ್‌ರೆಸ್ಟ್ ಖಾತೆಗಳು ಅನ್ಯರ ಕೈಸೇರಿದವು. ಲಿಂಕ್ಡ್‌ಇನ್ ಪಟ್ಟಿಯಲ್ಲಿ ಸಿಕ್ಕ ಅವರ ಪಾಸ್‌ವರ್ಡ್ 'ದದದ' ಎಂದಿತ್ತು, ಎರಡೂ ಕಡೆ ಅದೇ ತಿರುಗಿತು ಎಂದು ಒಳಹೊಕ್ಕವರು ಹೇಳಿಕೊಂಡರು. ಇಂಟರ್ನೆಟ್ಟನ್ನೇ ಕಟ್ಟಿ ಬೆಳೆಸಿದವರ ಪಾಡು ಹೀಗಿರುವಾಗ, ವಿದ್ಯುತ್ ಬಿಲ್ ಕಟ್ಟಲು, ಮಗಳ ಕಾಲೇಜಿನ ಅರ್ಜಿ ತುಂಬಲು, ರೈಲು ಟಿಕೆಟ್ ಬುಕ್ ಮಾಡಲು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರನ್ನು ಬೈದು ಪ್ರಯೋಜನವಿಲ್ಲ.

ಪಾಸ್‌ವರ್ಡ್ ಹ್ಯಾಶ್ ಆಗಿತ್ತಲ್ಲ, ಅಂದರೆ ಗೂಢಲಿಪಿಯಲ್ಲಿತ್ತಲ್ಲ, ಮತ್ತೇಕೆ ಹೆದರಿಕೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹ್ಯಾಶ್ ಎಂಬುದು ಬೀಸುವ ಕಲ್ಲು. ಅಕ್ಕಿ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ಹಾಕಿದರೆ ಅಕ್ಕಿ ಬರುವುದಿಲ್ಲ. ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದವನ್ನೇ ಸಣ್ಣಕ್ಷರಗಳಲ್ಲಿ ಶಾ-1 ಎಂಬ ಸೂತ್ರಕ್ಕೆ ಕೊಟ್ಟರೆ, 5ಬಿಎಎ61ಇ4 ಎಂದು ಶುರುವಾಗುವ 40 ಅಕ್ಷರ, ಅಂಕಿಗಳ ಸಾಲು ಹೊರಬರುತ್ತದೆ. ಆ ಸಾಲನ್ನು ಹಿಂದಕ್ಕೆ ತಿರುಗಿಸಿ ಪದವನ್ನು ಪಡೆಯುವ ದಾರಿಯಿಲ್ಲ. ಕಳ್ಳ ಆ ದಾರಿ ಹಿಡಿಯುವುದೂ ಇಲ್ಲ. ಜನ ಇಡಬಹುದಾದ ಪಾಸ್‌ವರ್ಡ್‌ಗಳನ್ನೆಲ್ಲ ತಾನೇ ಒಂದೊಂದಾಗಿ ಬೀಸುತ್ತಾನೆ, ಬಂದ ಹಿಟ್ಟನ್ನು ಕದ್ದ ಹಿಟ್ಟಿನ ಜತೆ ಹೋಲಿಸುತ್ತಾನೆ. ಹೊಂದಿದರೆ ಗುಟ್ಟು ರಟ್ಟಾಯಿತು. ಇದನ್ನು ಕಷ್ಟವಾಗಿಸಲು ಕಂಪನಿಗಳು ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸಿ ಬೀಸುತ್ತವೆ. ತಂತ್ರಜ್ಞರು ಅದನ್ನು ಸಾಲ್ಟ್ ಎಂದೇ ಕರೆಯುತ್ತಾರೆ. ಆಗ ಇಡೀ ಪಟ್ಟಿಗೆ ಒಮ್ಮೆ ಬೀಸಿದರೆ ಸಾಲದು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬೀಸಬೇಕು. ತೊಡಕಿರುವುದು ಕಲ್ಲಿನ ವೇಗದಲ್ಲಿ. ಬಿಗ್‌ಬಾಸ್ಕೆಟ್ ಸೋರಿಕೆಯಲ್ಲಿ ಇದ್ದದ್ದು ಶಾ-1. ಅದು 1995ರ ಸೂತ್ರ, ಪಾಸ್‌ವರ್ಡ್ ಕಾಯಲೆಂದು ಮಾಡಿದ್ದಲ್ಲ, ಬೇಗ ಬೀಸಲೆಂದೇ ಮಾಡಿದ್ದು. ಆಟವಾಡುವ ಕಂಪ್ಯೂಟರಿನ ಒಂದೇ ಗ್ರಾಫಿಕ್ಸ್ ಕಾರ್ಡ್ ಇಂದು ಸೆಕೆಂಡಿಗೆ ನೂರಾರು ಕೋಟಿ ಬಾರಿ ಶಾ-1 ಬೀಸಬಲ್ಲದು. ಉದ್ದೇಶಪೂರ್ವಕವಾಗಿ ನಿಧಾನ ಮಾಡಿದ ಬಿಕ್ರಿಪ್ಟ್ 1999ರಿಂದಲೇ ಲಭ್ಯವಿತ್ತು. 2021ರಲ್ಲಿ ಕಡತ ಪುಕ್ಕಟೆಯಾದ ಕೆಲವೇ ದಿನಗಳಲ್ಲಿ 20 ಲಕ್ಷ ಪಾಸ್‌ವರ್ಡ್‌ಗಳನ್ನು ಬಿಡಿಸಿದ್ದಾಗಿ ಅದನ್ನು ಇಳಿಸಿಕೊಂಡವರು ಹೇಳಿಕೊಂಡದ್ದು ಆಶ್ಚರ್ಯವಲ್ಲ. ಅದೇ ಕಡತದಲ್ಲಿ ಹೆಸರೂ ಹುಟ್ಟಿದ ದಿನವೂ ಇದ್ದವು ಎಂಬುದನ್ನು ಮರೆಯಬಾರದು. ತನ್ನ ಹೆಸರಿಗೆ ಹುಟ್ಟಿದ ಇಸವಿ ಸೇರಿಸಿ ಪಾಸ್‌ವರ್ಡ್ ಮಾಡಿಕೊಂಡವನ ಗುಟ್ಟಿನ ಎರಡೂ ತುಂಡುಗಳು ಅವನ ಸಾಲಿನಲ್ಲೇ ಬಿಚ್ಚಿಬಿದ್ದಿದ್ದವು.

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ಇಮೇಲ್‌ನಿಂದ. ಕಾರಣ ಸರಳ. ಯಾವುದೇ ತಾಣದಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಗುಂಡಿ ಒತ್ತಿದರೆ ಹೊಸದನ್ನು ಮಾಡಿಕೊಳ್ಳುವ ಕೊಂಡಿ ಹೋಗುವುದು ಹೆಚ್ಚಾಗಿ ಇಮೇಲ್‌ಗೆ. ಇಮೇಲ್ ಹಿಡಿದವನು ಬೇರೆ ಪಾಸ್‌ವರ್ಡ್‌ಗಳನ್ನು ಊಹಿಸುವ ಕಷ್ಟವನ್ನೇ ಪಡಬೇಕಿಲ್ಲ, ಒಂದೊಂದಾಗಿ ತಾನೇ ಬದಲಿಸಿಕೊಳ್ಳುತ್ತಾ ಹೋಗಬಹುದು. ಹಾಗಾಗಿ ಸೋರಿದ ಪಾಸ್‌ವರ್ಡ್ ಅಥವಾ ಅದನ್ನು ಹೋಲುವುದು ಇಮೇಲ್‌ನಲ್ಲಿದ್ದರೆ ಮೊದಲು ಬದಲಾಗಬೇಕಾದದ್ದು ಅದು. ಹೋಲುವುದು ಎಂದೆ, ಏಕೆಂದರೆ ಕೊನೆಯ 123ನ್ನು 124 ಮಾಡಿದರೆ ಅದು ಹೊಸ ಪಾಸ್‌ವರ್ಡ್ ಆಗುವುದಿಲ್ಲ. ಆ ಬಗೆಯ ಬದಲಾವಣೆಗಳನ್ನು ಬೀಸುವ ಯಂತ್ರಗಳು ತಾವಾಗಿ ಪ್ರಯತ್ನಿಸುತ್ತವೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಇನ್ನೊಂದು ಸಣ್ಣ ತಪಾಸಣೆ ಮಾಡಬೇಕು, ಬಹಳ ಜನ ಇದನ್ನು ಬಿಡುತ್ತಾರೆ. ಇಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ಯಾವ ಸಾಧನಗಳಲ್ಲಿ ನಿಮ್ಮ ಖಾತೆ ತೆರೆದಿದೆ, ಪತ್ರಗಳು ಗುರುತಿಲ್ಲದ ವಿಳಾಸಕ್ಕೆ ತಾವಾಗಿ ರವಾನೆಯಾಗುತ್ತಿವೆಯೇ, ಖಾತೆ ಮರಳಿ ಪಡೆಯಲು ಕೊಟ್ಟ ಮೊಬೈಲ್ ನಂಬರ್ ನಿಮ್ಮದೇ ಹೌದೇ ಎಂದು ನೋಡಬೇಕು. ಒಮ್ಮೆ ಒಳಹೊಕ್ಕವನು ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಹೋಗಿರುತ್ತಾನೆ. ಮುಂಬಾಗಿಲ ಬೀಗ ಬದಲಿಸಿದರೆ ಅವನಿಗೆ ಅಡ್ಡಿಯಾಗದು. ಎರಡನೇ ಹಂತದ ದೃಢೀಕರಣವನ್ನು ಇಮೇಲ್‌ಗಾದರೂ ಹಾಕಿಕೊಳ್ಳಲೇಬೇಕು. ಆಮೇಲೆ ಬ್ಯಾಂಕಿನ ನೆಟ್‌ಬ್ಯಾಂಕಿಂಗ್, ಬಳಿಕ ಕಾರ್ಡ್ ಅಥವಾ ವಾಲೆಟ್ ಹಣ ಉಳಿಸಿಟ್ಟ ಇತರ ಅಂಗಡಿಗಳು, ನಂತರ ಸಾಮಾಜಿಕ ಜಾಲತಾಣಗಳು. ಸೋರಿಕೆಯಾದ ಅಂಗಡಿಯ ಸರದಿ ಇವುಗಳ ಜತೆಗೋ ಇವುಗಳ ನಂತರವೋ ಬಂದರೂ ನಡೆಯುತ್ತದೆ. ಅಲ್ಲಿ ಕಂಪನಿಯೇ ಎಲ್ಲರ ಪಾಸ್‌ವರ್ಡ್ ರದ್ದು ಮಾಡಬಹುದು, ಬೇರೆ ಕಡೆ ನಿಮ್ಮ ಪರವಾಗಿ ಅದನ್ನು ಮಾಡುವವರು ಯಾರೂ ಇಲ್ಲ.

ಈಗೆಲ್ಲ ಒಟಿಪಿ ಬಂದಿದೆ, ಪಾಸ್‌ವರ್ಡ್ ಸಿಕ್ಕರೂ ಕಳ್ಳ ಏನು ಮಾಡಿಯಾನು ಎಂದು ಕೇಳುವವರಿದ್ದಾರೆ. ಭಾರತದಲ್ಲಿ ಈ ಮಾತಿಗೆ ತೂಕವಿದೆ. ನಮ್ಮಲ್ಲಿ ಬ್ಯಾಂಕ್ ವ್ಯವಹಾರಕ್ಕೆ ಎರಡನೇ ದೃಢೀಕರಣ ಕಡ್ಡಾಯವಾಗಿರುವುದರಿಂದ ಬರೀ ಪಾಸ್‌ವರ್ಡ್‌ನಿಂದ ಹಣ ಎತ್ತುವುದು ಕಷ್ಟ. ಆದರೆ ಒಟಿಪಿ ಕಳ್ಳನಿಗೆ ಹೆಚ್ಚಾಗಿ ಸಿಗುವುದು ತಂತ್ರಜ್ಞಾನದಿಂದಲ್ಲ, ಫೋನ್ ಕರೆಯಿಂದ. ಆ ಕರೆಯನ್ನು ನಂಬುವಂತೆ ಮಾಡುವುದು ಸೋರಿದ ಮಾಹಿತಿಯೇ. ಅತ್ತ ಕಡೆಯವನು ನಿಮ್ಮ ಹೆಸರು ಹೇಳುತ್ತಾನೆ, ಮನೆಯ ಅಡ್ಡರಸ್ತೆಯನ್ನೂ ಹೇಳುತ್ತಾನೆ. ನಿಮ್ಮ ಆರ್ಡರ್ ರದ್ದಾಗಿದೆ, ರೀಫಂಡ್ ಮಾಡಬೇಕು, ಮೊಬೈಲಿಗೆ ಬಂದ ನಂಬರ್ ಓದಿ ಸಾರ್ ಎನ್ನುತ್ತಾನೆ. ಇಷ್ಟೆಲ್ಲ ಗೊತ್ತಿರುವವನು ಕಂಪನಿಯವನೇ ಇರಬೇಕೆಂದು ಭಾವಿಸುವುದು ಮೂರ್ಖತನವಲ್ಲ, ಸಹಜ. ಆದ್ದರಿಂದ ಸೋರಿಕೆಯ ನಂತರದ ತಿಂಗಳುಗಳಲ್ಲಿ ಮನೆಯ ಹಿರಿಯರಿಗೆ ಹೇಳಿಕೊಡಬೇಕಾದ ಮಾತು ಒಂದಿದೆ: ವಿಳಾಸ ಗೊತ್ತಿರುವುದು ಇನ್ನು ಮುಂದೆ ಗುರುತಿನ ಪುರಾವೆಯಲ್ಲ. ಪಾಸ್‌ವರ್ಡ್ ಬದಲಿಸಬಹುದು. ಮನೆ ವಿಳಾಸ, ಹುಟ್ಟಿದ ದಿನಗಳನ್ನು ಬದಲಿಸಲಾಗುವುದಿಲ್ಲ. ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಅಲ್ಲಿ ವ್ಯವಸ್ಥೆ ಇದೆ. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ದೂರುಗಳನ್ನು ಪಡೆಯುವ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ.

ಎಲ್ಲ ಆಕ್ಷೇಪಗಳಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಮತ್ತೊಂದು. ಐವತ್ತು ಕಡೆ ಐವತ್ತು ಪಾಸ್‌ವರ್ಡ್ ಯಾರು ನೆನಪಿಟ್ಟುಕೊಳ್ಳುತ್ತಾರೆ? ಯಾರಿಂದಲೂ ಆಗುವುದಿಲ್ಲ. ಆಗಬೇಕೆಂದು ಜನರನ್ನು ಒತ್ತಾಯಿಸಿದ್ದೇ ತಪ್ಪಾಗಿತ್ತು. ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಎಂಬ ಕಟ್ಟಳೆ ಜಗತ್ತಿಗೆಲ್ಲ ಹಬ್ಬಿದ್ದು ಅಮೆರಿಕದ ನಿಸ್ಟ್ ಸಂಸ್ಥೆಯ 2003ರ ಮಾರ್ಗಸೂಚಿಯಿಂದ. ಅದನ್ನು ಬರೆದ ಬಿಲ್ ಬರ್ ತಾವು ಬರೆದುದರ ಬಗ್ಗೆ ಪಶ್ಚಾತ್ತಾಪವಿದೆ ಎಂದು 2017ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಮಾತನ್ನು ತಿದ್ದಿಕೊಂಡಿತು: ಅವಧಿಗೊಮ್ಮೆ ಸುಮ್ಮನೆ ಬದಲಿಸುವಂತೆ ಒತ್ತಾಯಿಸಬೇಡಿ, ಸೋರಿಕೆಯ ಕುರುಹು ಕಂಡಾಗ ಬದಲಿಸಿ, ಸೋರಿದ ಪಟ್ಟಿಯಲ್ಲಿರುವ ಪಾಸ್‌ವರ್ಡ್‌ಗಳನ್ನು ಇಡಲು ಬಿಡಬೇಡಿ. ನೆನಪಿನ ಭಾರವನ್ನು ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡುವುದು ಒಳ್ಳೆಯ ದಾರಿ. ಎಲ್ಲ ಒಡವೆಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟ ಹಾಗಾಗಲಿಲ್ಲವೇ ಎಂಬ ಅನುಮಾನ ಸಕಾರಣವಾದದ್ದೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಮ್ಯಾನೇಜರ್‌ನಿಂದ ಗ್ರಾಹಕರ ಪೆಟ್ಟಿಗೆಗಳ ನಕಲು ಕಳುವಾಯಿತು. ಪೆಟ್ಟಿಗೆಗಳಿಗೆ ಗೂಢಲಿಪಿಯ ಬೀಗವಿತ್ತು, ಅದು ಎಷ್ಟು ಗಟ್ಟಿ ಎಂಬುದು ಪ್ರತಿಯೊಬ್ಬರು ಇಟ್ಟುಕೊಂಡ ಮುಖ್ಯ ಪಾಸ್‌ವರ್ಡ್‌ನ ಮೇಲೆ ನಿಂತಿತ್ತು. ಅಲ್ಲಿ ಅಪಾಯವಿಲ್ಲವೆಂದಲ್ಲ, ಒಂದೇ ಪಾಸ್‌ವರ್ಡನ್ನು ಐವತ್ತು ಅಂಗಡಿಗೆ ಒಪ್ಪಿಸಿ ಅವುಗಳಲ್ಲಿ ಅತ್ಯಂತ ದುರ್ಬಲವಾದುದರ ಕೃಪೆಯಲ್ಲಿ ಇರುವುದಕ್ಕಿಂತ ಆ ಅಪಾಯ ಚಿಕ್ಕದು. ಮ್ಯಾನೇಜರ್ ಬಳಸಲು ಒಗ್ಗದವರು, ಅದರಲ್ಲೂ ವಯಸ್ಸಾದವರು, ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟರೂ ಸರಿಯೇ. ಬರೆದಿಡಬಾರದು ಎಂಬ ಹಳೆಯ ಬುದ್ಧಿವಾದ ಕಚೇರಿಯ ಮೇಜಿಗೆ ಹೊಂದುತ್ತಿತ್ತು. ಡಾರ್ಕ್ ವೆಬ್‌ನಲ್ಲಿ ಪಟ್ಟಿ ಕೊಂಡವನ ಕೈ ಶಿರಸಿಯ ಮನೆಯೊಂದರ ಬೀರುವಿನವರೆಗೆ ಚಾಚದು.

ತನ್ನ ವಿವರ ಸೋರಿದೆಯೇ ಎಂದು ತಿಳಿಯುವ ದಾರಿಯೂ ಇದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ಇಮೇಲ್ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿದೆ ಎಂದು ತೋರಿಸುತ್ತದೆ. ಬಿಗ್‌ಬಾಸ್ಕೆಟ್‌ನದೂ ಅಲ್ಲಿದೆ, ಸುಮಾರು 2.45 ಕೋಟಿ ಖಾತೆ. ಪಾಸ್‌ವರ್ಡ್ ಪರೀಕ್ಷಿಸುವ ಭಾಗದ ಜಾಣ್ಮೆಯನ್ನು ಹತ್ತಿರದಿಂದ ನೋಡಬೇಕು. ನೀವು ಬರೆದ ಪಾಸ್‌ವರ್ಡ್ ನಿಮ್ಮ ಕಂಪ್ಯೂಟರಿನಲ್ಲೇ ಹ್ಯಾಶ್ ಆಗುತ್ತದೆ, ಆ 40 ಅಕ್ಷರಗಳಲ್ಲಿ ಮೊದಲ ಐದು ಮಾತ್ರ ತಾಣಕ್ಕೆ ಹೋಗುತ್ತವೆ. ಮೇಲೆ ಹೇಳಿದ ಉದಾಹರಣೆಯಲ್ಲಿ 5ಬಿಎಎ6, ಅಷ್ಟೇ. ಆ ಐದರಿಂದ ಶುರುವಾಗುವ ಸೋರಿದ ಹ್ಯಾಶ್‌ಗಳನ್ನೆಲ್ಲ ತಾಣ ಹಿಂದಕ್ಕೆ ಕಳಿಸುತ್ತದೆ. ನಿಮ್ಮದು ಅವುಗಳಲ್ಲಿ ಇದೆಯೇ ಎಂಬ ಹೋಲಿಕೆ ನಿಮ್ಮ ಮನೆಯಲ್ಲೇ ನಡೆಯುತ್ತದೆ. ಪೂರ್ತಿ ಗುಟ್ಟು ಅವರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಗ್ರಾಹಕನ ಪಾಲು. ಹೊಣೆ ಅವನದೇ ಎಂದು ಕೈತೊಳೆದುಕೊಳ್ಳುವ ಹಕ್ಕು ಕಂಪನಿಗಿಲ್ಲ. 23ಆಂಡ್‌ಮಿ ಪರ ವಕೀಲರು ಪಾಸ್‌ವರ್ಡ್ ಮರುಬಳಸಿದ ಗ್ರಾಹಕರದೇ ತಪ್ಪು ಎಂದು ವಾದಿಸಿದರು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಯ ಭದ್ರತೆಯೇ ಸಾಲದಾಗಿತ್ತೆಂದು 2025ರ ಜೂನ್‌ನಲ್ಲಿ 23.1 ಲಕ್ಷ ಪೌಂಡ್ ದಂಡ ಹಾಕಿತು. ಜನ ಮರುಬಳಸುತ್ತಾರೆ ಎಂಬುದು ಗೊತ್ತಿರುವ ಸತ್ಯ. ಗೊತ್ತಿರುವ ಅಪಾಯಕ್ಕೆ ಸಿದ್ಧವಾಗದಿರುವುದು ಕಂಪನಿಯ ಲೋಪ. ಸೋರಿಕೆಯಾದ ಗಳಿಗೆಯಲ್ಲಿ ಅದು ಮಾಡಬೇಕಾದ ಕೆಲಸದ ಸ್ವರೂಪವೂ ಇದರಿಂದಲೇ ತಿಳಿಯುತ್ತದೆ. ಅಪಾಯ ಬೇರೆ ಬಾಗಿಲುಗಳಲ್ಲಿದೆ ಎಂದ ಮೇಲೆ, ಆ ಬಾಗಿಲುಗಳಿಗೆ ಓಡಲು ಗ್ರಾಹಕನಿಗೆ ಸಮಯ ಬೇಕು. ಕಂಪನಿ ಮೌನವಾಗಿದ್ದ ಒಂದೊಂದು ದಿನವೂ ಕಳ್ಳನ ಕೈಗೆ ಸಿಕ್ಕ ದಿನ. ಅಮೆರಿಕದ ಪಾದರಕ್ಷೆ ಅಂಗಡಿ ಜ್ಯಾಪೋಸ್ 2012ರ ಜನವರಿಯಲ್ಲಿ 2.4 ಕೋಟಿ ಗ್ರಾಹಕರ ಮಾಹಿತಿ ಕಳೆದುಕೊಂಡಿತು. ಅದು ಎಲ್ಲ ಪಾಸ್‌ವರ್ಡ್‌ಗಳನ್ನೂ ತಾನೇ ರದ್ದು ಮಾಡಿತು. ಇದೇ ಪಾಸ್‌ವರ್ಡ್ ಅಥವಾ ಇದನ್ನು ಹೋಲುವುದು ಬೇರೆಡೆ ಇದ್ದರೆ ಅಲ್ಲಿಯೂ ಬದಲಿಸಿ ಎಂದು ಗ್ರಾಹಕರಿಗೆ ಬರೆದ ಪತ್ರದಲ್ಲೇ ಹೇಳಿತು. ಕರೆಗಳ ಪ್ರವಾಹವನ್ನು ತನ್ನ ಫೋನ್ ವ್ಯವಸ್ಥೆ ತಾಳದೆಂದು ಫೋನ್‌ಗಳನ್ನು ನಿಲ್ಲಿಸಿ, ಕೇಂದ್ರ ಕಚೇರಿಯ ನೌಕರರನ್ನೆಲ್ಲ ಇಮೇಲ್ ಉತ್ತರಿಸಲು ಕೂರಿಸಿತು. ಇಬೇ ಕಥೆ ಬೇರೆ. 2014ರ ಫೆಬ್ರುವರಿ ಕೊನೆ, ಮಾರ್ಚ್ ಮೊದಲಿನಲ್ಲಿ ಕಳ್ಳರು ನೌಕರರ ಲಾಗಿನ್ ಬಳಸಿ ಒಳಹೊಕ್ಕರು. ಕಂಪನಿಗೆ ಅದು ತಿಳಿದದ್ದು ಮೇ ಆರಂಭದಲ್ಲಿ. 14.5 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿ ಎಂಬ ಪ್ರಕಟಣೆ ಬಂದದ್ದು ಮೇ 21ಕ್ಕೆ. ಗಾಬರಿ ಹಬ್ಬಿಸಬಾರದು, ತನಿಖೆ ಮುಗಿಯಲಿ ಎಂಬ ಕಂಪನಿಗಳ ಸಮರ್ಥನೆಯನ್ನು ನಾನು ಒಪ್ಪಲಾರೆ. ಎಷ್ಟು ಜನರದ್ದು ಹೋಯಿತು ಎಂಬ ಲೆಕ್ಕಕ್ಕೆ ತನಿಖೆ ಬೇಕು. ಬೇರೆಡೆ ಪಾಸ್‌ವರ್ಡ್ ಬದಲಿಸಿ ಎಂದು ಹೇಳಲು ಅನುಮಾನವೇ ಸಾಕು. ಅನುಮಾನ ಸುಳ್ಳಾದರೆ ಹೋಗುವುದು ಗ್ರಾಹಕನ ಅರ್ಧ ಗಂಟೆ.

ನಮ್ಮಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಮಾಡಬೇಕು. ಅದರಲ್ಲಿ ಗ್ರಾಹಕನಿಗೆ ತಿಳಿಸುವ ಮಾತಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕೊರತೆ ತುಂಬಿತು. ಬಾಧಿತರಿಗೆ ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ, ತಕ್ಕ ಭದ್ರತೆ ಇಡದಿದ್ದರೆ 250 ಕೋಟಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಆ ತಿಳಿವಳಿಕೆ ಪತ್ರದಲ್ಲಿ ಏನಿರಬೇಕೆಂದೂ ಹೇಳುತ್ತವೆ: ಏನಾಯಿತು, ಯಾವಾಗ, ಗ್ರಾಹಕನಿಗೆ ಆಗಬಹುದಾದ ತೊಂದರೆ ಏನು, ತನ್ನನ್ನು ಕಾಪಾಡಿಕೊಳ್ಳಲು ಅವನು ಏನು ಮಾಡಬಹುದು. ಈ ಭಾಗ ಜಾರಿಗೆ ಬರಲು 18 ತಿಂಗಳ ಅವಧಿ ಕೊಟ್ಟಿದ್ದಾರೆ. ಗ್ರಾಹಕ ಏನು ಮಾಡಬಹುದು ಎಂಬ ಕೊನೆಯ ಅಂಶವೇ ಪತ್ರದ ಜೀವ. ಅಲ್ಲಿ 'ನಿಮ್ಮ ಹಣಕಾಸಿನ ಮಾಹಿತಿ ಸುರಕ್ಷಿತವಾಗಿದೆ' ಎಂದು ಬರೆದು ಮುಗಿಸುವಂತಾಗಬಾರದು. 'ನಮ್ಮಲ್ಲಿ ಬಳಸಿದ ಪಾಸ್‌ವರ್ಡ್ ನಿಮ್ಮ ಇಮೇಲ್‌ನಲ್ಲೂ ಇದ್ದರೆ ಈಗಲೇ ಅದನ್ನು ಮೊದಲು ಬದಲಿಸಿ' ಎಂಬ ಸಾಲು ಮೇಲ್ತುದಿಯಲ್ಲಿರಬೇಕು. ನಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆಯನ್ನು ಈ ಕಾಯ್ದೆ ಜನರಿಗೆ ಕೊಟ್ಟಿದೆ. ಒಪ್ಪಿಗೆಯನ್ನು ಕನ್ನಡದಲ್ಲಿ ಪಡೆದ ಕಂಪನಿ, ಆ ಮಾಹಿತಿ ಕಳೆದುಹೋಯಿತು ಎಂಬುದನ್ನೂ ಕನ್ನಡದಲ್ಲೇ ತಿಳಿಸಬೇಕು.